ಪ್ರೋಟೀನು ತಯಾರಿಸಿದ್ದಾಯಿತು, ಈಗ ಸಾಬೀತು ಮಾಡಿ

ಮನುಷ್ಯನ ಟಿ ಕೋಶಗಳನ್ನು ದೇಹದ ಹೊರಗೆ ಹೆಚ್ಚು ಕಾಲ ಬೆಳೆಸಲು ಸಾಧ್ಯವಿಲ್ಲ ಎಂದು 1970ರ ದಶಕದ ನಡುವಿನವರೆಗೂ ಪ್ರಯೋಗಾಲಯಗಳು ಕೈಚೆಲ್ಲಿದ್ದವು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಡೋರಿಸ್ ಮಾರ್ಗನ್, ಫ್ರಾನ್ಸಿಸ್ ರಸೆಟಿ ಮತ್ತು ರಾಬರ್ಟ್ ಗ್ಯಾಲೊ ಅದನ್ನು ಮಾಡಿ ತೋರಿಸಿದರು. ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಫೈಟೊಹೀಮಗ್ಲುಟಿನಿನ್ ಎಂಬ ಪದಾರ್ಥ ಹಾಕಿ ಬಿಳಿ ರಕ್ತಕಣಗಳನ್ನು ಕೆರಳಿಸಿದರೆ ಅವು ತಮ್ಮ ಸುತ್ತಲಿನ ದ್ರವಕ್ಕೆ ಏನನ್ನೋ ಬಿಡುತ್ತವೆ. ಆ ದ್ರವವನ್ನು ಸೋಸಿ ಬೇರೆ ಟಿ ಕೋಶಗಳಿಗೆ ಕೊಟ್ಟರೆ ಅವು ಸಾಯದೆ ಬೆಳೆಯುತ್ತಲೇ ಹೋದವು. ಆ 'ಏನನ್ನೋ' ಎಂಬುದನ್ನು ಮೊದಲು ಟಿ ಕೋಶ ಬೆಳವಣಿಗೆ ಅಂಶ ಎಂದು ಕರೆದರು, ಆಮೇಲೆ ಇಂಟರ್‌ಲ್ಯೂಕಿನ್-2 ಎಂಬ ಹೆಸರು ನಿಂತಿತು.

ತೊಂದರೆ ಏನೆಂದರೆ, ಆ ದ್ರವದಲ್ಲಿ ಇಂಟರ್‌ಲ್ಯೂಕಿನ್-2 ಒಂದೇ ಇರಲಿಲ್ಲ. ಕೆರಳಿದ ಬಿಳಿ ರಕ್ತಕಣ ಹತ್ತಾರು ಬಗೆಯ ಸಂದೇಶ ಪ್ರೋಟೀನುಗಳನ್ನು ಹೊರಹಾಕುತ್ತದೆ, ಕೆರಳಿಸಲು ಹಾಕಿದ ಕಾಳಿನ ಪದಾರ್ಥವೂ ಅಲ್ಲೇ ಉಳಿದಿರುತ್ತದೆ. ಯಾವ ಪರಿಣಾಮ ಯಾರದ್ದು ಎಂದು ಹೇಳುವುದು ಹೇಗೆ? 1983ರಲ್ಲಿ ಟೋಕಿಯೊದಲ್ಲಿ ತಡಾಟ್ಸುಗು ತಾನಿಗುಚಿ ಅವರ ತಂಡ ಜುರ್‌ಕಾಟ್ ಎಂಬ ಮಾನವ ಕೋಶವಂಶದಿಂದ ಈ ಪ್ರೋಟೀನಿನ ಜೀನನ್ನು ಬೇರ್ಪಡಿಸಿ ಅದರ ಅಕ್ಷರಗಳನ್ನು ಓದಿದ ಮೇಲೆ ಬೇರೊಂದು ದಾರಿ ತೆರೆಯಿತು. ರಕ್ತದಿಂದ ಹನಿ ಹನಿಯಾಗಿ ಹಿಂಡುವ ಬದಲು ಜೀನನ್ನೇ ಬ್ಯಾಕ್ಟೀರಿಯದೊಳಗೆ ಇಟ್ಟು ಬೇಕಾದಷ್ಟು ಮಾಡಿಸಿಕೊಳ್ಳುವ ದಾರಿ. ಹೀಗೆ ಬೇರೊಂದು ಜೀವಿಯ ಕೋಶದಲ್ಲಿ ತಯಾರಾದ ಮಾನವ ಪ್ರೋಟೀನಿಗೆ ರೀಕಾಂಬಿನೆಂಟ್ ಪ್ರೋಟೀನು ಎನ್ನುತ್ತಾರೆ.

ಇವತ್ತು ಇದು ದಿನನಿತ್ಯದ ಕೆಲಸ. ಎಂ.ಎಸ್ಸಿ. ವಿದ್ಯಾರ್ಥಿಯೂ ಎರಡು ವಾರದಲ್ಲಿ ಒಂದು ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯದಲ್ಲಿ ಮಾಡಿಸಿ ಜೆಲ್ ಮೇಲೆ ಪಟ್ಟಿ ತೋರಿಸಬಲ್ಲ. ಆದರೆ ಟ್ಯೂಬಿನ ಮೇಲೆ 'ಮಾನವ ಇಂಟರ್‌ಲ್ಯೂಕಿನ್-2' ಎಂದು ಬರೆದ ಮಾತ್ರಕ್ಕೆ ಒಳಗಿರುವುದು ಅದೇ ಆಗುವುದಿಲ್ಲ. ಪ್ರೋಟೀನು ತಯಾರಿಸುವುದು ಅರ್ಧ ಕೆಲಸವೂ ಅಲ್ಲ, ಅದು ಅದೇ ಎಂದು ತೋರಿಸುವುದೇ ದೊಡ್ಡ ಪಾಲು. ಎರಡೂ ಹೇಗೆ ನಡೆಯುತ್ತವೆ ಎಂದು ಈ ಒಂದೇ ಪ್ರೋಟೀನನ್ನು ಹಿಡಿದು ನೋಡೋಣ. ಚಿಕ್ಕದು, ಚೆನ್ನಾಗಿ ಅಧ್ಯಯನವಾದದ್ದು, ಔಷಧಿಯಾಗಿಯೂ ಬಳಕೆಯಲ್ಲಿರುವುದು. ಕೀಟಲೆಯನ್ನೂ ಸಾಕಷ್ಟು ಮಾಡುತ್ತದೆ.

ಮೊದಲು ಜೀನು. ನಮ್ಮ ವರ್ಣತಂತುವಿನಲ್ಲಿರುವ ಇಂಟರ್‌ಲ್ಯೂಕಿನ್-2 ಜೀನು ನಾಲ್ಕು ತುಂಡುಗಳಲ್ಲಿದೆ, ನಡುವೆ ಪ್ರೋಟೀನಿಗೆ ಸಂಬಂಧವಿಲ್ಲದ ಇಂಟ್ರಾನ್‌ಗಳಿವೆ. ಅವನ್ನು ಕತ್ತರಿಸಿ ಹಾಕಿ ಜೋಡಿಸುವ ವ್ಯವಸ್ಥೆ ನಮ್ಮ ಕೋಶಕ್ಕಿದೆ, ಬ್ಯಾಕ್ಟೀರಿಯಕ್ಕಿಲ್ಲ. ಹಾಗಾಗಿ ಜೋಡಿಸಿ ಮುಗಿದ ಸಂದೇಶ ಆರ್‌ಎನ್‌ಎಯ ಪ್ರತಿ, ಅಂದರೆ ಸಿಡಿಎನ್‌ಎ, ಬೇಕು. ಅದರಲ್ಲೂ ಎಲ್ಲವೂ ಬೇಡ. ಕೋಶ ಮೊದಲು ಮಾಡುವುದು 153 ಅಮೈನೋ ಆಮ್ಲಗಳ ಸರಪಳಿ. ಮೊದಲ 20 ಅಮೈನೋ ಆಮ್ಲಗಳು 'ಇದನ್ನು ಹೊರಗೆ ಕಳಿಸು' ಎಂಬ ವಿಳಾಸಚೀಟಿ, ಹೊರಗೆ ಹೋಗುವಾಗ ಅದು ಕತ್ತರಿಸಿಹೋಗಿ 133 ಉಳಿಯುತ್ತವೆ. ನಮಗೆ ಬೇಕಾದ್ದು ಆ 133 ಮಾತ್ರ, ಡಿಎನ್‌ಎ ಲೆಕ್ಕದಲ್ಲಿ ಸುಮಾರು 400 ಅಕ್ಷರ. ಹಿಂದೆ ಇದನ್ನು ಕೋಶದಿಂದಲೇ ಹುಡುಕಿ ತೆಗೆಯಬೇಕಿತ್ತು. ಈಗ ಅನುಕ್ರಮವನ್ನು ಕಂಪನಿಗೆ ಕಳಿಸಿದರೆ ರಾಸಾಯನಿಕವಾಗಿ ಹೆಣೆದು ಕೊಡುತ್ತಾರೆ. ಹೆಣೆಸುವಾಗ ಒಂದು ಅನುಕೂಲವೂ ಇದೆ. ಅರ್ಜಿನೀನ್ ಎಂಬ ಅಮೈನೋ ಆಮ್ಲಕ್ಕೆ ಆರು ಕಾಗುಣಿತಗಳಿವೆ, ಅವುಗಳಲ್ಲಿ ಎಜಿಎ ಮತ್ತು ಎಜಿಜಿ ಇ. ಕೋಲಿಗೆ ತೀರ ಅಪರೂಪ. ಪ್ರೋಟೀನು ಬದಲಾಗದಂತೆ ಕಾಗುಣಿತ ಮಾತ್ರ ಬದಲಿಸಿದರೆ ಬ್ಯಾಕ್ಟೀರಿಯ ತಡವರಿಸದೆ ಓದುತ್ತದೆ.

ಇ. ಕೋಲಿಯೇ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಅಗ್ಗ, ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂಬುದು ಸುಲಭದ ಉತ್ತರ. ನಿಜವಾದ ಉತ್ತರ ಪ್ರೋಟೀನಿನ ಮೇಲೆ ನಿಂತಿದೆ. ಮಾನವ ಕೋಶಗಳು ಹಲವು ಪ್ರೋಟೀನುಗಳಿಗೆ ಸಕ್ಕರೆಯ ಕೊಂಬೆಗಳನ್ನು ಅಂಟಿಸುತ್ತವೆ, ಬ್ಯಾಕ್ಟೀರಿಯಕ್ಕೆ ಆ ವಿದ್ಯೆ ಗೊತ್ತಿಲ್ಲ. ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ನೋಡಿ. ಅದರ 30,400 ಡಾಲ್ಟನ್ ತೂಕದಲ್ಲಿ ಸುಮಾರು ಶೇ. 40 ಸಕ್ಕರೆಯದು. ಸಕ್ಕರೆ ಇಲ್ಲದೆ ದೇಹಕ್ಕೆ ಹಾಕಿದರೆ ಕೆಲಸ ಮಾಡುವ ಮೊದಲೇ ರಕ್ತದಿಂದ ಮಾಯವಾಗುತ್ತದೆ. ಆದ್ದರಿಂದ ಅದನ್ನು ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳಲ್ಲಿ, ಅಂದರೆ ಸಿಎಚ್‌ಒ ಕೋಶಗಳಲ್ಲಿ ಮಾಡುತ್ತಾರೆ. ಸಂಶೋಧನೆಗೆ ಸ್ವಲ್ಪವೇ ಸಾಕು, ಬೇಗ ಬೇಕು ಎಂದರೆ ಎಚ್‌ಇಕೆ-293 ಎಂಬ ಮಾನವ ಕೋಶವಂಶ. 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಇದನ್ನು ಪಡೆದರು, 293 ಎಂಬುದು ಅವರ ಪ್ರಯೋಗದ ಕ್ರಮಸಂಖ್ಯೆ. ನಡುವಿನ ದಾರಿ ಪಿಕಿಯಾ ಎಂಬ ಯೀಸ್ಟು. ಮೆಥನಾಲ್ ತಿಂದು ಬೆಳೆದು ಪ್ರೋಟೀನನ್ನು ಹೊರಗಿನ ದ್ರವಕ್ಕೇ ಉಗುಳುತ್ತದೆ, ಕೋಶ ಒಡೆಯುವ ತಾಪತ್ರಯವಿಲ್ಲ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಈ ಪಿಕಿಯಾದಲ್ಲೇ ತಯಾರಾದದ್ದು. ಅಮೆರಿಕದಲ್ಲಿ ಇನ್ಸುಲಿನ್ನನ್ನು ಮೊದಲು ಇ. ಕೋಲಿಯಲ್ಲಿ ಮಾಡಿದ್ದರು ಎಂಬುದನ್ನು ನೆನೆದರೆ, ಒಂದೇ ಪ್ರೋಟೀನಿಗೆ ಒಂದೇ ದಾರಿ ಎಂಬ ನಿಯಮವಿಲ್ಲ ಎಂಬುದು ಸ್ಪಷ್ಟ.

ಇಂಟರ್‌ಲ್ಯೂಕಿನ್-2ರ ಮಟ್ಟಿಗೆ ಸಕ್ಕರೆ ಇರುವುದು ಒಂದೇ ಕಡೆ, ಮೂರನೇ ಸ್ಥಾನದ ಥ್ರಿಯೊನೀನಿನ ಮೇಲೆ. ಅದಿಲ್ಲದಿದ್ದರೂ ಪ್ರೋಟೀನು ತನ್ನ ಕೆಲಸ ಮಾಡುತ್ತದೆ. ಹಾಗಾಗಿ ಇ. ಕೋಲಿ ಸಾಕು.

ಕೆಲಸ ಶುರು ಮಾಡುವ ಮೊದಲು ಕಾಗದಪತ್ರದ ಒಂದು ಹೆಜ್ಜೆ. ಭಾರತದಲ್ಲಿ ಕುಲಾಂತರಿ ಜೀವಿಗಳ ಮೇಲಿನ ಕೆಲಸ 1989ರ ನಿಯಮಗಳಡಿ ಬರುತ್ತದೆ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಕಣ್ಣಿಗೆ ಬೀಳದೆ ಈ ಪ್ರಯೋಗ ನಡೆಯುವಂತಿಲ್ಲ. ಹೊಸಬರು ಇದನ್ನು ಕೊನೆಗೆ ನೆನಪಿಸಿಕೊಳ್ಳುತ್ತಾರೆ.

ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯಲ್ಲಿ ಸೇರಿಸಿ ಬಿಎಲ್21(ಡಿಇ3) ಎಂಬ ಇ. ಕೋಲಿ ತಳಿಗೆ ಹಾಕುತ್ತಾರೆ. ಈ ತಳಿಯಲ್ಲಿ ಪ್ರೋಟೀನು ಕಡಿಯುವ ಎರಡು ಕಿಣ್ವಗಳಿಲ್ಲ. ಜೊತೆಗೆ ಟಿ7 ಎಂಬ ವೈರಸ್ಸಿನ ಪಾಲಿಮರೇಸ್ ಜೀನಿದೆ, ಅದು ಐಪಿಟಿಜಿ ಎಂಬ ಸಕ್ಕರೆಯಂಥ ಪದಾರ್ಥ ಹಾಕುವವರೆಗೂ ಬಹುಪಾಲು ಸುಮ್ಮನಿರುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಸ್ಟುಡಿಯರ್ ಮತ್ತು ಬಾರ್ಬರಾ ಮಾಫಟ್ 1986ರಲ್ಲಿ ಪ್ರಕಟಿಸಿದ ಈ ಏರ್ಪಾಡು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಬ್ಯಾಕ್ಟೀರಿಯವನ್ನು 37 ಡಿಗ್ರಿಯಲ್ಲಿ ಕಲಕುತ್ತಾ ಬೆಳೆಸಿ, 600 ನ್ಯಾನೊಮೀಟರಿನಲ್ಲಿ ಅದರ ಕದಡು 0.6ರ ಹತ್ತಿರ ಬಂದಾಗ ಐಪಿಟಿಜಿ ಹಾಕುತ್ತಾರೆ. ಹಾಕುವ ಮೊದಲು ಒಂದು ಮಿಲಿಲೀಟರ್ ತೆಗೆದಿಡಬೇಕು. ಮೂರು ಗಂಟೆಯ ನಂತರದ ಮಾದರಿಯ ಪಕ್ಕದಲ್ಲಿ ಅದನ್ನು ಜೆಲ್ ಮೇಲೆ ಓಡಿಸಿದರೆ 15,000 ಡಾಲ್ಟನ್ ಆಸುಪಾಸಿನಲ್ಲಿ ಹೊಸದೊಂದು ದಪ್ಪ ಪಟ್ಟಿ ಎದ್ದು ಕಾಣುತ್ತದೆ. ಮೊದಲಿನ ಮಾದರಿ ಇಲ್ಲದಿದ್ದರೆ ಆ ಪಟ್ಟಿ ಹೊಸದು ಎಂದು ಹೇಳಲು ಆಧಾರವೇ ಇರುವುದಿಲ್ಲ.

ಸಂತೋಷ ಇಲ್ಲಿಗೆ ನಿಲ್ಲುತ್ತದೆ. ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಇಂಟರ್‌ಲ್ಯೂಕಿನ್-2 ಮೇಲಿನ ತಿಳಿ ದ್ರವದಲ್ಲಿ ಇರುವುದಿಲ್ಲ, ತಳದ ಬಿಳಿ ಗಷ್ಟಿನಲ್ಲಿರುತ್ತದೆ. ಬ್ಯಾಕ್ಟೀರಿಯ ಅದನ್ನು ಮಡಿಕೆಗಿಂತ ವೇಗವಾಗಿ ತಯಾರಿಸಿ ಅರೆಬರೆ ಮಡಿಚಿದ ಸರಪಳಿಗಳನ್ನು ಒಂದಕ್ಕೊಂದು ಅಂಟಿಸಿ ಮೂಲೆಗೆ ತಳ್ಳಿರುತ್ತದೆ. ಇವಕ್ಕೆ ಇನ್‌ಕ್ಲೂಷನ್ ಬಾಡಿ ಎನ್ನುತ್ತಾರೆ. ಕೆಲವು ಪ್ರೋಟೀನುಗಳಿಗೆ ಉಷ್ಣಾಂಶವನ್ನು 18 ಡಿಗ್ರಿಗೆ ಇಳಿಸಿದರೆ ಅಥವಾ ಕರಗುವ ಜೊತೆಗಾರ ಪ್ರೋಟೀನೊಂದನ್ನು ಹೊಲಿದರೆ ಪರಿಹಾರ ಸಿಗುತ್ತದೆ. ಇಂಟರ್‌ಲ್ಯೂಕಿನ್-2ಕ್ಕೆ ಹೆಚ್ಚಿನವರು ಬೇರೆ ಹಾದಿ ಹಿಡಿಯುತ್ತಾರೆ. ಗಷ್ಟನ್ನು ಡಿಟರ್ಜೆಂಟಿನಿಂದ ತೊಳೆದು, 6 ಮೋಲಾರ್ ಗ್ವಾನಿಡೀನ್‌ನಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಸರಿಯಾಗಿ ಮಡಿಚಿಸುವುದು.

ಬಿಚ್ಚಿದ ಸರಪಳಿ ತಾನಾಗಿಯೇ ಸರಿಯಾದ ಆಕಾರಕ್ಕೆ ಮಡಿಚಿಕೊಳ್ಳಬಲ್ಲದು ಎಂಬುದನ್ನು ರೈಬೋನ್ಯೂಕ್ಲಿಯೇಸ್ ಕಿಣ್ವದಲ್ಲಿ ತೋರಿಸಿಕೊಟ್ಟದ್ದಕ್ಕೆ ಕ್ರಿಶ್ಚಿಯನ್ ಆನ್‌ಫಿನ್‌ಸನ್ 1972ರ ನೊಬೆಲ್ ಪಡೆದರು. ತತ್ತ್ವ ಸರಿ, ಆದರೆ ಸರಪಳಿಗಳ ಸಂದಣಿ ಹೆಚ್ಚಾದರೆ ಅವು ತಮ್ಮೊಳಗೆ ಮಡಿಚಿಕೊಳ್ಳುವ ಬದಲು ಪಕ್ಕದ್ದಕ್ಕೆ ಅಂಟುತ್ತವೆ. ಎಸರಿಗೆ ರಾಗಿ ಹಿಟ್ಟನ್ನು ಒಮ್ಮೆಗೇ ಸುರಿದರೆ ಗಂಟು ಕಟ್ಟುವಂತೆಯೇ. ಅದಕ್ಕೇ ಬಿಚ್ಚಿದ ಪ್ರೋಟೀನನ್ನು ಹಲವು ಪಟ್ಟು ದೊಡ್ಡ ಪ್ರಮಾಣದ ತಣ್ಣನೆಯ ಬಫರಿಗೆ ಹನಿಹನಿಯಾಗಿ, ಕಲಕುತ್ತಾ ಬಿಡಬೇಕು. ಬಫರಿನಲ್ಲಿ ಗ್ಲುಟಾಥಯೋನ್‌ನ ಎರಡೂ ರೂಪಗಳಿರುತ್ತವೆ, ತಪ್ಪಾಗಿ ಬಿದ್ದ ಡೈಸಲ್ಫೈಡ್ ಬಂಧ, ಅಂದರೆ ಎರಡು ಸಿಸ್ಟೀನ್ ಅಮೈನೋ ಆಮ್ಲಗಳ ನಡುವಿನ ಕೊಂಡಿ, ಬಿಚ್ಚಿಕೊಂಡು ಮತ್ತೆ ಬೀಳಲು ಅವಕಾಶ ಕೊಡಲಿಕ್ಕೆ. ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಟ್ಟು ಬೆಳಿಗ್ಗೆ ನೋಡಿದಾಗ ದ್ರವ ತಿಳಿಯಾಗಿದ್ದರೆ ಆಸೆ ಉಂಟು. ಹಾಲಿನಂತಾಗಿದ್ದರೆ ಮತ್ತೆ ಮೊದಲಿನಿಂದ.

ಇಂಟರ್‌ಲ್ಯೂಕಿನ್-2ರ ಕೀಟಲೆ ಇರುವುದು ಈ ಬಂಧದಲ್ಲೇ. ಅದರಲ್ಲಿ ಮೂರು ಸಿಸ್ಟೀನ್‌ಗಳಿವೆ, 58, 105 ಮತ್ತು 125ನೇ ಸ್ಥಾನಗಳಲ್ಲಿ. ಸಹಜ ಪ್ರೋಟೀನಿನಲ್ಲಿ 58 ಮತ್ತು 105 ಕೈ ಹಿಡಿದಿರುತ್ತವೆ, 125 ಒಂಟಿ. ಆದರೆ ಮೂವರಿದ್ದಾಗ ಜೋಡಿ ಮೂರು ಬಗೆಯಲ್ಲಿ ಬೀಳಬಹುದು, ಅದರಲ್ಲಿ ಎರಡು ತಪ್ಪು. ಒಂಟಿ ಸಿಸ್ಟೀನು ಪಕ್ಕದ ಅಣುವಿನ ಕೈ ಹಿಡಿದು ಜೋಡಿ ಅಣು ಮಾಡುವುದೂ ಉಂಟು. ಕ್ಯಾಲಿಫೋರ್ನಿಯದ ಸೀಟಸ್ ಕಂಪನಿಯವರು 1984ರಲ್ಲಿ ಇದಕ್ಕೆ ಸರಳ ಉಪಾಯ ಪ್ರಕಟಿಸಿದರು. 125ನೇ ಸಿಸ್ಟೀನನ್ನು ಸೆರೀನ್ ಆಗಿ ಬದಲಿಸಿಬಿಟ್ಟರು. ಗಂಧಕದ ಒಂದು ಪರಮಾಣುವಿನ ಜಾಗದಲ್ಲಿ ಆಮ್ಲಜನಕ. ಚಟುವಟಿಕೆ ಹಾಗೇ ಉಳಿಯಿತು, ತಪ್ಪು ಜೋಡಿಯ ದಾರಿ ಮುಚ್ಚಿತು. ಕ್ಯಾರಿ ಮುಲ್ಲಿಸ್ ಪಿಸಿಆರ್ ಕಂಡುಹಿಡಿದದ್ದೂ ಇದೇ ಕಂಪನಿಯಲ್ಲಿ, ಅದೇ ವರ್ಷಗಳಲ್ಲಿ. ಅದರ ಸದ್ದಿನಲ್ಲಿ ಈ ಸಿಸ್ಟೀನಿನ ಕೆಲಸ ಹೊರಗಿನವರ ಕಿವಿಗೆ ಬೀಳಲಿಲ್ಲ. ಈ ರೂಪಕ್ಕೆ ಆಲ್ಡೆಸ್‌ಲ್ಯೂಕಿನ್ ಎಂದು ಹೆಸರಾಗಿ, ಹರಡಿದ ಮೂತ್ರಪಿಂಡದ ಕ್ಯಾನ್ಸರಿಗೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಶುದ್ಧೀಕರಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೀನಿನ ತುದಿಗೆ ಆರು ಹಿಸ್ಟಿಡೀನ್‌ಗಳ ಬಾಲ ಹಚ್ಚಿದ್ದರೆ ಅದು ನಿಕ್ಕಲ್ ಕಟ್ಟಿದ ಮಣಿಗಳಿಗೆ ಅಂಟುತ್ತದೆ, ಗ್ವಾನಿಡೀನ್ ಇದ್ದರೂ ಅಂಟುತ್ತದೆ ಎಂಬುದು ಇಲ್ಲಿ ದೊಡ್ಡ ಅನುಕೂಲ. ಸ್ವಲ್ಪ ಇಮಿಡಜೋಲ್ ಹಾಕಿ ತೊಳೆದು, ಹೆಚ್ಚು ಹಾಕಿ ಬಿಡಿಸಿಕೊಳ್ಳುತ್ತಾರೆ. ಆಮೇಲೆ ವಿದ್ಯುದಾವೇಶದ ಮೇಲೆ ಒಂದು ಕಾಲಂ, ಗಾತ್ರದ ಮೇಲೆ ಇನ್ನೊಂದು. ಬಾಲ ಬೇಡವೆಂದರೆ ಟಿಇವಿ ಪ್ರೋಟಿಯೇಸ್ ಹಾಕಿ ಕತ್ತರಿಸಬಹುದು. ಕೋಶದ ಗ್ರಾಹಕಕ್ಕೆ ಅಂಟುವ ಚಿಕ್ಕ ಪ್ರೋಟೀನುಗಳಲ್ಲಿ ಬಾಲವನ್ನು ಹಾಗೇ ಬಿಡುವುದು ಸೋಮಾರಿತನ ಎಂಬುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಈಗ ಟ್ಯೂಬಿನಲ್ಲಿ ನೀರಿನಂಥ ದ್ರವವಿದೆ. ಅದು ಏನು?

ಮೊದಲ ಉತ್ತರ ಎಸ್‌ಡಿಎಸ್-ಪೇಜ್ ಜೆಲ್ ಕೊಡುತ್ತದೆ. ಒಂದೇ ಮಾದರಿಯನ್ನು ಎರಡು ಕಡೆ ಹಾಕಬೇಕು, ಒಂದರಲ್ಲಿ ಡೈಸಲ್ಫೈಡ್ ಬಂಧ ಒಡೆಯುವ ಪದಾರ್ಥ ಸೇರಿಸಿ, ಇನ್ನೊಂದರಲ್ಲಿ ಸೇರಿಸದೆ. ಸೇರಿಸಿದ್ದರಲ್ಲಿ ಒಂದೇ ಪಟ್ಟಿ, ಸೇರಿಸದ್ದರಲ್ಲಿ 30,000 ಡಾಲ್ಟನ್ ಹತ್ತಿರ ಇನ್ನೊಂದು ಪಟ್ಟಿ ಇದ್ದರೆ ಅಣುಗಳು ಒಂದಕ್ಕೊಂದು ಕೈ ಹಿಡಿದಿವೆ ಎಂದರ್ಥ. ಕಂಪನಿಗಳ ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಮೊದಲನೆಯದರ ಚಿತ್ರ ಮಾತ್ರ ಹಾಕಿರುತ್ತಾರೆ. ಎರಡನೆಯದನ್ನು ಕೇಳಿ ಪಡೆಯಬೇಕು.

ಜೆಲ್ ಹೇಳುವುದು ಅಂದಾಜು ತೂಕ. ನಿಖರ ತೂಕಕ್ಕೆ ಮಾಸ್ ಸ್ಪೆಕ್ಟ್ರೋಮೀಟರು. 15,000 ಡಾಲ್ಟನ್ನಿನ ಪ್ರೋಟೀನನ್ನು ಒಂದು ಡಾಲ್ಟನ್ನಿನ ಆಚೀಚೆ ತೂಗುವ ಯಂತ್ರ ಇದು, ಸಣ್ಣ ಬದಲಾವಣೆಗಳೂ ಇದರ ಕಣ್ಣು ತಪ್ಪಿಸುವುದಿಲ್ಲ. ಬ್ಯಾಕ್ಟೀರಿಯ ಪ್ರತಿ ಪ್ರೋಟೀನನ್ನೂ ಮೆಥಿಯೊನೀನ್‌ನಿಂದ ಶುರು ಮಾಡುತ್ತದೆ. ಆಮೇಲೆ ಅದನ್ನು ಕತ್ತರಿಸುವ ಕಿಣ್ವ ಇದ್ದರೂ ಮಿತಿಮೀರಿ ಉತ್ಪಾದನೆಯಾದಾಗ ಅದು ಹಿಂದೆ ಬೀಳುತ್ತದೆ. ಹಾಗೆ ಉಳಿದ ಮೆಥಿಯೊನೀನ್ ಇದ್ದರೆ ತೂಕ 131 ಡಾಲ್ಟನ್ ಹೆಚ್ಚು. ಡೈಸಲ್ಫೈಡ್ ಬಂಧ ಬಿದ್ದಿದ್ದರೆ ಎರಡು ಹೈಡ್ರೋಜನ್ ಹೋಗಿ 2 ಕಡಿಮೆ. ಮೆಥಿಯೊನೀನ್‌ಗೆ ಗಾಳಿಯ ಆಮ್ಲಜನಕ ಅಂಟಿದ್ದರೆ 16 ಹೆಚ್ಚು.

ಈ 16ರಲ್ಲಿ ಒಂದು ಬಲೆ ಇದೆ, ಇದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸಿಸ್ಟೀನನ್ನು ಸೆರೀನ್ ಮಾಡಿದಾಗ ಗಂಧಕ ಹೋಗಿ ಆಮ್ಲಜನಕ ಬಂತು, ತೂಕ ಸರಿಸುಮಾರು 16 ಇಳಿಯಿತು. ಆ ಬದಲಿ ರೂಪದ ಒಂದು ಮೆಥಿಯೊನೀನ್ ಆಕ್ಸಿಡೀಕರಣಗೊಂಡರೆ 16 ಏರುತ್ತದೆ. ಅಂದರೆ ಹಾಳಾದ ಸೆರೀನ್ ರೂಪ ಮತ್ತು ಕೆಡದ ಸಹಜ ಸಿಸ್ಟೀನ್ ರೂಪ, ಎರಡರ ತೂಕವೂ ಒಂದೇ. ನಿಖರ ಲೆಕ್ಕದಲ್ಲಿ ವ್ಯತ್ಯಾಸ 0.018 ಡಾಲ್ಟನ್, ಇಡೀ ಪ್ರೋಟೀನಿನ ತೂಕದಲ್ಲಿ ಅದನ್ನು ಬೇರ್ಪಡಿಸುವುದು ನಿತ್ಯದ ಯಂತ್ರಗಳಿಗೆ ಸಾಧ್ಯವಿಲ್ಲ. ಮುಖ್ಯ ಶಿಖರದ ಪಕ್ಕದಲ್ಲಿ +16ರ ಸಣ್ಣ ಶಿಖರ ಕಂಡರೆ ಫ್ರೀಜರಿನಲ್ಲಿ ಪ್ರೋಟೀನು ಕೆಟ್ಟಿದೆಯೋ, ಹಳೆಯ ಪ್ಲಾಸ್ಮಿಡ್ಡಿನ ಕಲಬೆರಕೆಯೋ ಎಂದು ಹೇಳಲಾಗದು.

ಬಿಡಿಸುವ ದಾರಿ ಟ್ರಿಪ್ಸಿನ್. ಈ ಕಿಣ್ವ ಸರಪಳಿಯನ್ನು ಲೈಸೀನ್ ಮತ್ತು ಅರ್ಜಿನೀನ್ ಆದಮೇಲೆ ಕತ್ತರಿಸುತ್ತದೆ. ಇಂಟರ್‌ಲ್ಯೂಕಿನ್-2ರಲ್ಲಿ 120ನೆಯದು ಅರ್ಜಿನೀನ್, ಅಲ್ಲಿಂದ ಮುಂದೆ ಕೊನೆಯವರೆಗೆ ಕತ್ತರಿಸುವ ಜಾಗವಿಲ್ಲ. ಹಾಗಾಗಿ 121ರಿಂದ 133ರವರೆಗಿನ ಹದಿಮೂರು ಅಮೈನೋ ಆಮ್ಲಗಳ ತುಂಡು ಪ್ರತ್ಯೇಕವಾಗಿ ಸಿಗುತ್ತದೆ. ನಮಗೆ ಬೇಕಾದ 125 ಅದರೊಳಗಿದೆ, ಆದರೆ ಅದರಲ್ಲಿ ಒಂದೂ ಮೆಥಿಯೊನೀನ್ ಇಲ್ಲ. ಇರುವ ನಾಲ್ಕೂ ಮೆಥಿಯೊನೀನ್‌ಗಳು 23, 39, 46 ಮತ್ತು 104ರಲ್ಲಿ, ಬೇರೆ ತುಂಡುಗಳಲ್ಲಿವೆ. +16 ಕಾಣಿಸಿದ್ದು ಕೊನೆಯ ತುಂಡಿನಲ್ಲಾದರೆ ಕಲಬೆರಕೆಯ ಶಂಕೆ, ಬೇರೆ ಕಡೆಯಾದರೆ ಆಕ್ಸಿಡೀಕರಣ. ಅಷ್ಟಕ್ಕೇ ಸಮಾಧಾನಪಡಬೇಡಿ. ಕೊನೆಯ ತುಂಡಿನ ಮೊದಲ ಅಮೈನೋ ಆಮ್ಲ, ಅಂದರೆ ಇಡೀ ಪ್ರೋಟೀನಿನ ಏಕೈಕ ಟ್ರಿಪ್ಟೊಫ್ಯಾನ್, ತಾನೂ ಆಮ್ಲಜನಕ ಹೀರಿಕೊಳ್ಳಬಲ್ಲದು. ಆಗ ಆ ತುಂಡನ್ನೇ ಯಂತ್ರದೊಳಗೆ ಮತ್ತೆ ಒಡೆದು, ಭಾರ ಕೂತಿರುವುದು 121ರಲ್ಲೋ 125ರಲ್ಲೋ ನೋಡಬೇಕು. ಇದು ಅರ್ಧ ದಿನದ ಕೆಲಸ. ಈ ಅರ್ಧ ದಿನ ಉಳಿಸಿದವರು ಆಮೇಲೆ ಬೇರೆ ಪ್ರಯೋಗಗಳಲ್ಲಿ ವಾರಗಳನ್ನು ಕಳೆಯುತ್ತಾರೆ.

ತೂಕ ಸರಿಯಾಯಿತು ಎಂದರೆ ಮಡಿಕೆ ಸರಿಯಾಯಿತು ಎಂದಲ್ಲ. ಬಿಚ್ಚಿಕೊಂಡ ಸರಪಳಿಯೂ ಅಷ್ಟೇ ತೂಗುತ್ತದೆ. ಇಂಟರ್‌ಲ್ಯೂಕಿನ್-2 ನಾಲ್ಕು ಆಲ್ಫಾ ಸುರುಳಿಗಳ ಕಟ್ಟು. ಸುರುಳಿಗಳು ವೃತ್ತೀಯ ಧ್ರುವೀಕೃತ ಬೆಳಕನ್ನು ಹೀರುವ ರೀತಿಗೆ 208 ಮತ್ತು 222 ನ್ಯಾನೊಮೀಟರುಗಳಲ್ಲಿ ಎರಡು ತಗ್ಗುಗಳ ಗುರುತಿದೆ. ಸರ್ಕ್ಯುಲರ್ ಡೈಕ್ರೊಯಿಸಂ ಯಂತ್ರ ಇದನ್ನು ಐದು ನಿಮಿಷದಲ್ಲಿ ಬರೆದುಕೊಡುತ್ತದೆ, ಮಾದರಿಯಲ್ಲಿ ಇಮಿಡಜೋಲ್ ಅಥವಾ ಹೆಚ್ಚು ಉಪ್ಪು ಉಳಿದಿರಬಾರದು ಅಷ್ಟೆ. ಅವೇ ಆ ತರಂಗಾಂತರದ ಬೆಳಕನ್ನು ನುಂಗಿ ಗೆರೆಯನ್ನು ಹಾಳು ಮಾಡುತ್ತವೆ. ಆದರೆ ಈ ಗೆರೆ 'ಸುರುಳಿಗಳಿವೆ' ಎನ್ನುತ್ತದೆ, 'ಸುರುಳಿಗಳು ಸರಿಯಾಗಿ ಜೋಡಿಸಿಕೊಂಡಿವೆ' ಎನ್ನುವುದಿಲ್ಲ. ಜೋಡಣೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಈ ಪ್ರೋಟೀನಿನ ಚರಿತ್ರೆಯೇ ಸಾಕ್ಷಿ. 1987ರಲ್ಲಿ ಎಕ್ಸ್‌ರೇ ಸ್ಫಟಿಕ ವಿಧಾನದಿಂದ ಪ್ರಕಟವಾದ ಅದರ ಮೊದಲ ರಚನೆಯಲ್ಲಿ ಸುರುಳಿಗಳನ್ನು ಸರಪಳಿಗೆ ಸೇರಿಸಿದ ಕ್ರಮವೇ ತಪ್ಪಾಗಿತ್ತು, ಅದು ಸರಿಹೋದದ್ದು 1992ರಲ್ಲಿ.

ಅಣುಗಳು ಒಂಟಿಯಾಗಿವೆಯೋ ಗುಂಪಾಗಿವೆಯೋ ಎಂದು ಗಾತ್ರ ಬೇರ್ಪಡಿಸುವ ಕಾಲಂ ಹೇಳುತ್ತದೆ. ಗುಂಪು ಎಂದರೆ ಕೆಟ್ಟದ್ದು ಎಂದು ಪಾಠಪುಸ್ತಕ ಕಲಿಸುತ್ತದೆ, ಬಹುಪಾಲು ನಿಜವೂ ಹೌದು. ಆದರೆ ಔಷಧಿ ರೂಪದ ಆಲ್ಡೆಸ್‌ಲ್ಯೂಕಿನ್‌ನ ಅಧಿಕೃತ ವಿವರಣೆ ಓದಿದರೆ, ಅದು ಸರಾಸರಿ 27 ಅಣುಗಳ ಸೂಕ್ಷ್ಮ ಗುಂಪುಗಳಾಗಿಯೇ ಬಾಟಲಿಯಲ್ಲಿರುತ್ತದೆ, ಹಾಗಿದ್ದೂ ಕೆಲಸ ಮಾಡುತ್ತದೆ ಎಂದಿದೆ. ಕರಗಿಸಿಡಲು ಅದರಲ್ಲಿ ಸ್ವಲ್ಪ ಎಸ್‌ಡಿಎಸ್ ಡಿಟರ್ಜೆಂಟೂ ಇದೆ, ಜೆಲ್‌ನಲ್ಲಿ ಪ್ರೋಟೀನು ಬಿಚ್ಚಲು ಬಳಸುವ ಅದೇ ಎಸ್‌ಡಿಎಸ್.

ಇನ್ನು ಬ್ಯಾಕ್ಟೀರಿಯ ಬಿಟ್ಟುಹೋಗುವ ಉಡುಗೊರೆ. ಇ. ಕೋಲಿಯ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್, ಅಂದರೆ ಎಂಡೊಟಾಕ್ಸಿನ್, ಮಾನವನ ರೋಗನಿರೋಧಕ ಕೋಶಗಳನ್ನು ಅತ್ಯಲ್ಪ ಪ್ರಮಾಣದಲ್ಲೂ ಕೆರಳಿಸುತ್ತದೆ. ರೋಗನಿರೋಧಕ ಪ್ರೋಟೀನುಗಳ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಕಂಟಕವಿಲ್ಲ. ಎಚ್‌ಎಸ್‌ಪಿ-70 ಎಂಬ ಮಾನವ ಪ್ರೋಟೀನು ಮ್ಯಾಕ್ರೋಫೇಜ್ ಕೋಶಗಳಿಂದ ಸಂದೇಶ ಪ್ರೋಟೀನಾದ ಟಿಎನ್‌ಎಫ್ ಬಿಡುಗಡೆ ಮಾಡಿಸುತ್ತದೆ ಎಂದು ಹಲವು ಪ್ರಬಂಧಗಳು ಬಂದಿದ್ದವು, ಅದರ ಮೇಲೆ ಸಿದ್ಧಾಂತಗಳೂ ಎದ್ದಿದ್ದವು. 2003ರಲ್ಲಿ ಬಾವೊಚೊಂಗ್ ಗಾವೊ ಮತ್ತು ಮಿನ್-ಫು ತ್ಸಾನ್ ಎಂಡೊಟಾಕ್ಸಿನ್ ತೆಗೆದ ಪ್ರೋಟೀನು ಹಾಕಿ ನೋಡಿದಾಗ ಟಿಎನ್‌ಎಫ್ ಬರಲಿಲ್ಲ. ಕೆರಳಿಸಿದ್ದು ಬ್ಯಾಕ್ಟೀರಿಯದ ಕೊಳೆ. ಹಿಂದಿನವರು ಎಚ್ಚರ ತಪ್ಪಿದ್ದರು ಎಂದೂ ಅಲ್ಲ. ಮಾದರಿಯನ್ನು ಕುದಿಸಿದರೆ ಪ್ರೋಟೀನು ಸಾಯುತ್ತದೆ, ಎಂಡೊಟಾಕ್ಸಿನ್ ಉಳಿಯುತ್ತದೆ, ಹಾಗಾಗಿ ಕುದಿಸಿದಾಗ ಪರಿಣಾಮ ಹೋದರೆ ಅದು ಪ್ರೋಟೀನಿನದ್ದೇ ಎಂದು ನಂಬಿದ್ದರು. ತೀರ ಕಡಿಮೆ ಪ್ರಮಾಣದ ಎಂಡೊಟಾಕ್ಸಿನ್ ಕೂಡ ಕುದಿಸಿದಾಗ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ.

ಅಳೆಯುವುದು ಎಲ್‌ಎಎಲ್ ಪರೀಕ್ಷೆಯಿಂದ. ಅಟ್ಲಾಂಟಿಕ್ ತೀರದ ಹಾರ್ಸ್‌ಶೂ ಏಡಿಯ ನೀಲಿ ರಕ್ತದ ಕಣಗಳ ಸಾರ ಎಂಡೊಟಾಕ್ಸಿನ್ ಸೋಕಿದೊಡನೆ ಹೆಪ್ಪುಗಟ್ಟುತ್ತದೆ. ಇದರ ಬಳಗದ ಏಡಿಗಳು ನಮ್ಮ ಒಡಿಶಾ ಕರಾವಳಿಯಲ್ಲೂ ಇವೆ. ಈಗ ಏಡಿಯ ರಕ್ತದ ಬದಲು ಅದರ ಫ್ಯಾಕ್ಟರ್ ಸಿ ಪ್ರೋಟೀನನ್ನೇ ರೀಕಾಂಬಿನೆಂಟ್ ಆಗಿ ಮಾಡಿ ಬಳಸುವ ಪರೀಕ್ಷೆಯೂ ಬಂದಿದೆ, ಸಿಂಗಪುರದ ಜೀಕ್ ಲಿಂಗ್ ಡಿಂಗ್ ಮತ್ತು ಬೋ ಹೋ ಅವರ ಕೆಲಸದ ಫಲ. ತೆಗೆಯುವ ದಾರಿಗಳೂ ಇವೆ. ಟ್ರೈಟನ್ ಎಕ್ಸ್-114 ಡಿಟರ್ಜೆಂಟನ್ನು ತಣ್ಣಗೆ ಬೆರೆಸಿ ಬಿಸಿ ಮಾಡಿದರೆ ಅದು ಎಣ್ಣೆಯಂತೆ ಬೇರೆಯಾಗಿ ಎಂಡೊಟಾಕ್ಸಿನ್ನನ್ನು ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಒಂದು ಸಂಗತಿ ನೆನಪಿಡಬೇಕು: ಆಟೋಕ್ಲೇವ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಅದರ ಪೊರೆಯ ವಿಷವನ್ನಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಬೇಕು.

ಎಲ್ಲ ಮುಗಿದ ಮೇಲೆ ಉಳಿಯುವ ಪ್ರಶ್ನೆ: ಕೆಲಸ ಮಾಡುತ್ತದೆಯೇ? ಇದಕ್ಕೆ ಸಿಟಿಎಲ್‌ಎಲ್-2 ಎಂಬ ಇಲಿಯ ಟಿ ಕೋಶವಂಶವಿದೆ. ಇಂಟರ್‌ಲ್ಯೂಕಿನ್-2 ಸಿಗದಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ, ಮಾನವನದ್ದನ್ನು ಕೊಟ್ಟರೂ ಬದುಕುತ್ತದೆ. ಕೋಶಗಳನ್ನು ಚೆನ್ನಾಗಿ ತೊಳೆದು 96 ಗುಳಿಗಳ ತಟ್ಟೆಯಲ್ಲಿ ಹಾಕಿ, ಪ್ರೋಟೀನನ್ನು ಅರ್ಧರ್ಧ ತೆಳುಗೊಳಿಸುತ್ತಾ ಹನ್ನೊಂದು ಗುಳಿಗಳಿಗೆ ಕೊಟ್ಟು, ಹನ್ನೆರಡನೆಯದಕ್ಕೆ ಏನೂ ಕೊಡದೆ ಬಿಟ್ಟು, ಮರುದಿನ ಎಂಟಿಟಿ ಎಂಬ ಹಳದಿ ಬಣ್ಣ ಸೇರಿಸುತ್ತಾರೆ. ಬದುಕಿದ ಕೋಶ ಅದನ್ನು ನೇರಳೆ ಮಾಡುತ್ತದೆ. ಎಡದಿಂದ ಬಲಕ್ಕೆ ಗಾಢ ನೇರಳೆ ಮೆಲ್ಲಗೆ ತಿಳಿಯಾಗುತ್ತಾ ಹಳದಿಗೆ ತಿರುಗುವ ಸಾಲು ಕಂಡರೆ ಪ್ರೋಟೀನು ಜೀವಂತ. ಈ ಕೋಶಗಳು ಇಲಿಯ ಇಂಟರ್‌ಲ್ಯೂಕಿನ್-4ಕ್ಕೂ, ಇಂಟರ್‌ಲ್ಯೂಕಿನ್-15ಕ್ಕೂ ಸ್ಪಂದಿಸುತ್ತವೆ. ಆದ್ದರಿಂದ ಇನ್ನೊಂದು ಸಾಲಿನಲ್ಲಿ ಇಂಟರ್‌ಲ್ಯೂಕಿನ್-2ನ್ನು ತಡೆಯುವ ಪ್ರತಿಕಾಯ ಸೇರಿಸಿ, ನೇರಳೆ ಹೋಗುತ್ತದೆಯೇ ಎಂದು ನೋಡುವುದು ಕ್ಷೇಮ.

ಬರೀ ನೇರಳೆ ಸಾಲದು, ಅಳತೆ ಬೇಕು. ಕೋಶಗಳ ಉತ್ಸಾಹ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಮಾನಕ ಇದೆ, ಅದಕ್ಕೆ ಹೊಂದಿಸಿಕೊಂಡ ಮಾದರಿಯನ್ನು ಅದೇ ತಟ್ಟೆಯಲ್ಲಿ ಪಕ್ಕದಲ್ಲೇ ಓಡಿಸಿ ಹೋಲಿಸಬೇಕು. ಆಲ್ಡೆಸ್‌ಲ್ಯೂಕಿನ್‌ನಲ್ಲಿ 1.1 ಮಿಲಿಗ್ರಾಂ ಅಂದರೆ 1 ಕೋಟಿ 80 ಲಕ್ಷ ಅಂತರರಾಷ್ಟ್ರೀಯ ಯೂನಿಟ್. ಒಂದು ಯೂನಿಟ್ಟಿಗೆ 0.06 ನ್ಯಾನೊಗ್ರಾಂ. 1980ರ ದಶಕದ ಪ್ರಬಂಧಗಳನ್ನು ಓದುವವರು ಇಲ್ಲಿ ಎಡವುತ್ತಾರೆ. ಆಗ ಸೀಟಸ್‌ನವರದ್ದೇ ಬೇರೆ ಯೂನಿಟ್ ಇತ್ತು, ಅವರ ಒಂದು ಯೂನಿಟ್ ಈಗಿನ ಆರಕ್ಕೆ ಸಮ. ಹಳೆಯ ಪ್ರಬಂಧದ ಸಂಖ್ಯೆಯನ್ನು ಹಾಗೇ ಎತ್ತಿಕೊಂಡರೆ ಕೋಶಗಳಿಗೆ ಸಿಗುವುದು ಆರನೇ ಒಂದು ಪಾಲು.

ಬಹುತೇಕ ಪ್ರಯೋಗಾಲಯಗಳು ಇದನ್ನೆಲ್ಲ ತಾವೇ ಮಾಡದೆ ಕೊಳ್ಳುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಬಾಟಲಿಯ ಜೊತೆ ಬರುವ ವಿಶ್ಲೇಷಣಾ ಪತ್ರವನ್ನು ಓದಿ. 'ಶುದ್ಧತೆ ಶೇ. 95ಕ್ಕಿಂತ ಹೆಚ್ಚು' ಎಂಬ ಸಾಲು ಜೆಲ್‌ನ ಮಾತು, ಚಟುವಟಿಕೆಯದ್ದಲ್ಲ. ಯಾವ ಜೀವಿಯಲ್ಲಿ ತಯಾರಾಯಿತು, 125ರಲ್ಲಿ ಏನಿದೆ, ಬಾಲ ಉಳಿದಿದೆಯೇ, ಎಂಡೊಟಾಕ್ಸಿನ್ ಎಷ್ಟು, ಚಟುವಟಿಕೆಯನ್ನು ಈ ಕಂತಿನಲ್ಲೇ ಅಳೆದದ್ದೋ ಅಥವಾ ಹಿಂದಿನ ಯಾವುದೋ ಕಂತಿನ ಸಂಖ್ಯೆಯನ್ನು ನಕಲಿಸಿದ್ದೋ, ಇವು ಕೇಳಬೇಕಾದ ಪ್ರಶ್ನೆಗಳು. ಕೊನೆಯದಕ್ಕೆ ಉತ್ತರ ಬರಲು ಕೆಲವೊಮ್ಮೆ ಮೂರು ಇಮೇಲ್ ಬೇಕಾಗುತ್ತದೆ.

ಟಿ ಕೋಶ ಬೆಳೆಸಲು ಮಿಲಿಲೀಟರಿಗೆ 100 ಯೂನಿಟ್ ಹಾಕಿದರೆ ಒಂದು ಮಿಲಿಗ್ರಾಂ ಪ್ರೋಟೀನು 160 ಲೀಟರಿಗೂ ಹೆಚ್ಚು ದ್ರವಕ್ಕೆ ಸಾಕು. ಹಾಗಾಗಿ ಒಂದು ಕಂತು ಬಹುಕಾಲ ಬರುತ್ತದೆ, ಕಾಪಾಡುವ ರೀತಿ ಸರಿಯಿರಬೇಕು. ಸಣ್ಣ ಸಣ್ಣ ಪಾಲು ಮಾಡಿ -80 ಡಿಗ್ರಿಯಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ತೀರ ತೆಳುವಾದ ದ್ರಾವಣದಲ್ಲಿ ಪ್ರೋಟೀನು ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಯೇ ಮುಗಿದುಹೋಗುತ್ತದೆ, ಅದಕ್ಕೆ ಶೇ. 0.1 ಆಲ್ಬುಮಿನ್ ಸೇರಿಸುತ್ತಾರೆ. ಆಲ್ಬುಮಿನ್ ಸೇರಿಸಿದ ಮೇಲೆ ಮಾಸ್ ಸ್ಪೆಕ್ಟ್ರೋಮೀಟರಿಗೆ ಆ ಮಾದರಿ ನಿಷ್ಪ್ರಯೋಜಕ, ಆದ್ದರಿಂದ ಸೇರಿಸದ ನಾಲ್ಕಾರು ಪಾಲನ್ನು ಬೇರೆ ಇಡಿ. ಹಳೆಯ ಕಂತು ಮುಗಿಯುತ್ತಾ ಬಂದಾಗ ಕೊನೆಯ ಎರಡು ಟ್ಯೂಬನ್ನು ಖರ್ಚು ಮಾಡದೆ ಉಳಿಸಿ, ಹೊಸ ಕಂತು ಬಂದ ದಿನ ಎರಡನ್ನೂ ಒಂದೇ ತಟ್ಟೆಯಲ್ಲಿ, ಅಕ್ಕಪಕ್ಕದ ಸಾಲಿನಲ್ಲಿ, ಅದೇ ಕೋಶಗಳ ಮೇಲೆ ಹಾಕಿ ನೋಡಿ.